ಓಮ್ ಮೇಷ್ಟ್ರು ಮತ್ತು ಸ್ಟಾರ್ಟ್ ಆಗದ ಕಾರು

1825ರಲ್ಲಿ ಜರ್ಮನಿಯ ಕಲೋನ್ ಊರಿನ ಹೈಸ್ಕೂಲು ಮೇಷ್ಟ್ರೊಬ್ಬರನ್ನು ಬ್ಯಾಟರಿ ದಾರಿ ತಪ್ಪಿಸಿತು. ತಂತಿ ಉದ್ದವಾದಷ್ಟೂ ಅದರಲ್ಲಿ ಹರಿಯುವ ಕರೆಂಟು ಯಾವ ಲೆಕ್ಕದಲ್ಲಿ ಇಳಿಯುತ್ತದೆ ಎಂಬುದನ್ನು ಅವರು ಕಂಡುಹಿಡಿಯಬೇಕಿತ್ತು. ಆದರೆ ಒಂದು ತಂತಿ ಜೋಡಿಸಿ ಅಳತೆ ಓದುವಷ್ಟರಲ್ಲಿ ಬ್ಯಾಟರಿಯೇ ಬಳಲಿಬಿಡುತ್ತಿತ್ತು. ತಂತಿ ಬಿಡಿಸಿ ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ಚೇತರಿಸಿಕೊಳ್ಳುತ್ತಿತ್ತು. ಮತ್ತೆ ಜೋಡಿಸಿದರೆ ಜೋರಾಗಿ ಶುರುವಾಗಿ ಮತ್ತೆ ಇಳಿಯುತ್ತಿತ್ತು. ಈ ಏರಿಳಿತದ ಮೇಲೆ ಕಟ್ಟಿದ ಸೂತ್ರ ನಿಲ್ಲಲಿಲ್ಲ. ಅಷ್ಟರಲ್ಲಿ ಅದು ಅಚ್ಚಾಗಿಯೂ ಹೋಗಿತ್ತು. ಆ ಮೇಷ್ಟ್ರ ಹೆಸರು ಜಾರ್ಜ್ ಸೈಮನ್ ಓಮ್.

ಇನ್ನೂರು ವರ್ಷ ಕಳೆದರೂ ಬ್ಯಾಟರಿಯ ಈ ಗುಣ ಬದಲಾಗಿಲ್ಲ. ಜಿಟಿಜಿಟಿ ಮಳೆಯ ಬೆಳಗ್ಗೆ ಕಾರಿನ ಕೀ ತಿರುಗಿಸುತ್ತೀರಿ. ಸೆಲ್ಫ್ ನರಳುತ್ತ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಬಾನೆಟ್ ಎತ್ತಿ ಮೀಟರ್ ಹಿಡಿದರೆ 12.6 ವೋಲ್ಟ್, ಅಂದರೆ ತುಂಬಿದ ಬ್ಯಾಟರಿ. ಅಲ್ಲಿಂದ ಊಹೆಗಳು ಶುರು. ಒಬ್ಬರು ಬ್ಯಾಟರಿ ಹೋಗಿದೆ ಅನ್ನುತ್ತಾರೆ, ಇನ್ನೊಬ್ಬರು ಸೆಲ್ಫ್ ಮೋಟರೇ ಸುಟ್ಟಿದೆ ಅನ್ನುತ್ತಾರೆ, ಮೂರನೆಯವರು ವೈರಿಂಗ್ ಪೂರ್ತಿ ಬಿಚ್ಚಬೇಕು ಅನ್ನುತ್ತಾರೆ. ಎಲ್ಲಕ್ಕೂ ದುಡ್ಡು ಬೇಕು. ಉತ್ತರ ಮಾತ್ರ ಅದೇ ಮೀಟರಿನಲ್ಲಿರುತ್ತದೆ, ಅದನ್ನು ಯಾವಾಗ, ಎಲ್ಲಿಂದ ಎಲ್ಲಿಗೆ ಹಿಡಿಯಬೇಕು ಎಂಬುದು ತಿಳಿದಿದ್ದರೆ. ಆ ತಿಳಿವಳಿಕೆ ಬಂದ ದಾರಿ ನನಗೆ ಯಾವ ಪತ್ತೇದಾರಿ ಕತೆಗೂ ಕಡಿಮೆಯಿಲ್ಲ ಅನ್ನಿಸಿದೆ.

ಕತೆ ಕಪ್ಪೆಯಿಂದ ಶುರುವಾಗುತ್ತದೆ. ಇಟಲಿಯ ಬೊಲೋನ್ಯದಲ್ಲಿ ಲುಯಿಜಿ ಗಾಲ್ವಾನಿ ಎಂಬ ಅಂಗರಚನಾ ಶಾಸ್ತ್ರಜ್ಞರು ಸತ್ತ ಕಪ್ಪೆಯ ಕಾಲಿಗೆ ಎರಡು ಲೋಹ ತಾಗಿಸಿದಾಗ ಅದು ಜಿಗಿಯುವುದನ್ನು ಕಂಡರು. ಜೀವಿಯ ಮೈಯೊಳಗೇ ವಿದ್ಯುತ್ತಿದೆ ಎಂದು 1791ರಲ್ಲಿ ಬರೆದರು. ಪಾವಿಯಾದಲ್ಲಿ ಪ್ರೊಫೆಸರ್ ಆಗಿದ್ದ ಅಲೆಸ್ಸಾಂಡ್ರೊ ವೋಲ್ಟಾ ಅದನ್ನು ಓದಿ ಮೊದಲು ಒಪ್ಪಿದರು, ಆಮೇಲೆ ತಾವೇ ಪ್ರಯೋಗ ಮಾಡುತ್ತ ಹೋದಂತೆ ಅನುಮಾನಪಟ್ಟರು. ಲೋಹಗಳೆರಡೂ ಒಂದೇ ಆಗಿದ್ದರೆ ಕಾಲು ಅಷ್ಟಾಗಿ ಜಿಗಿಯದು, ಬೇರೆ ಬೇರೆಯಾಗಿದ್ದರೆ ಚೆನ್ನಾಗಿ ಜಿಗಿಯುತ್ತದೆ. ಹಾಗಿದ್ದಮೇಲೆ ವಿದ್ಯುತ್ತು ಕಪ್ಪೆಯದಲ್ಲ, ಲೋಹಗಳ ನಡುವಿನ ವ್ಯತ್ಯಾಸದ್ದು ಎಂದರು. ಕಪ್ಪೆಯ ಬದಲು ತಮ್ಮ ನಾಲಿಗೆಯನ್ನೇ ಇಟ್ಟು ನೋಡಿದರು. ಮೇಲೊಂದು ಲೋಹ, ಕೆಳಗೊಂದು ಲೋಹ, ಎರಡರ ತುದಿ ಮುಟ್ಟಿಸಿದರೆ ಹುಳಿ ರುಚಿ. ಅವರ ಮೊದಲ ಮೀಟರುಗಳಲ್ಲಿ ನಾಲಿಗೆಯೂ ಒಂದು.

1800ರ ಮಾರ್ಚ್ 20ರಂದು ವೋಲ್ಟಾ ಕೋಮೋ ಊರಿನಿಂದ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಜೋಸೆಫ್ ಬ್ಯಾಂಕ್ಸ್ ಅವರಿಗೆ ಪತ್ರ ಬರೆದರು. ಬೆಳ್ಳಿಯ ಬಿಲ್ಲೆ, ಸತುವಿನ ಬಿಲ್ಲೆ, ನಡುವೆ ಉಪ್ಪುನೀರಲ್ಲಿ ನೆನೆಸಿದ ರಟ್ಟು. ಹೀಗೆ ಜೋಡಿಯ ಮೇಲೆ ಜೋಡಿ ಪೇರಿಸಿದ ಕಂಬದ ವಿವರ ಅದರಲ್ಲಿತ್ತು. ಒಂದು ಜೋಡಿಯಿಂದ ಬರುವ ಪ್ರಭಾವ ತೀರಾ ಅಲ್ಪ. ಪೇರಿಸಿದಂತೆ ಅವು ಒಂದಕ್ಕೊಂದು ಕೂಡುತ್ತ ಹೋಗುತ್ತವೆ, ಬೆರಳಿಟ್ಟರೆ ಏಟು ಬೀಳುವಷ್ಟು. ವಿದ್ಯುತ್ತಿನ ಮೊತ್ತ ಬೇರೆ, ಅದರ ಒತ್ತಡ ಬೇರೆ ಎಂದು ವೋಲ್ಟಾ ಅದಕ್ಕೂ ಮುಂಚಿನಿಂದಲೇ ಹೇಳುತ್ತ ಬಂದಿದ್ದರು. ನಾವಿವತ್ತು ವೋಲ್ಟೇಜು ಅನ್ನುವುದು ಆ ಒತ್ತಡವನ್ನೇ.

ಈ ಪೇರಿಸುವ ಉಪಾಯ ಕಾರಿನ ಬ್ಯಾಟರಿಯೊಳಗೆ ಹಾಗೇ ಕೂತಿದೆ. ಸೀಸ ಮತ್ತು ಆಸಿಡ್ಡಿನ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೆಲ್ಲನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಮಾಡಿದರು. ತುಂಬಿದ ಒಂದು ಸೆಲ್ಲು ಸುಮಾರು 2.1 ವೋಲ್ಟ್ ಕೊಡುತ್ತದೆ. ಕಪ್ಪು ಡಬ್ಬಿಯೊಳಗೆ ಅಂಥವು ಆರು, ಸಾಲಾಗಿ. ಆರು ಸಲ 2.1 ಅಂದರೆ 12.6. ನಾವು '12 ವೋಲ್ಟ್ ಬ್ಯಾಟರಿ' ಅನ್ನುವುದರಲ್ಲಿ ಪೂರ್ತಿ ತುಂಬಿದಾಗ ಅರ್ಧ ವೋಲ್ಟಿಗೂ ಸ್ವಲ್ಪ ಹೆಚ್ಚೇ ಇರುತ್ತದೆ. ಗಾಡಿ ಕೆಲವು ಗಂಟೆ ಸುಮ್ಮನೆ ನಿಂತಮೇಲೆ 12.2 ತೋರಿಸಿದರೆ ಹತ್ತಿರಹತ್ತಿರ ಅರ್ಧ ಖಾಲಿ, 12ಕ್ಕಿಂತ ಕೆಳಗಿದ್ದರೆ ಬಹುಮಟ್ಟಿಗೆ ಖಾಲಿ. ಎಷ್ಟು ಚಾರ್ಜ್ ಮಾಡಿದರೂ 10.5ರ ಆಸುಪಾಸಿನಲ್ಲೇ ನಿಂತರೆ ಲೆಕ್ಕ ಹಾಕಿ ನೋಡಿ: ಐದು ಸಲ 2.1. ಆರರಲ್ಲಿ ಒಂದು ಸೆಲ್ಲು ಸತ್ತಿದೆ. ಅಂಥ ಬ್ಯಾಟರಿಯನ್ನು ಉಳಿಸಲು ದುಡ್ಡು ಹಾಕುವುದರಲ್ಲಿ ಅರ್ಥವಿಲ್ಲ.

ಇಷ್ಟು ವೋಲ್ಟಾ ಕೊಟ್ಟದ್ದು. ಆದರೆ ಒತ್ತಡ ಎಷ್ಟಿದ್ದರೆ ಎಷ್ಟು ಹರಿಯುತ್ತದೆ? ನಡುವೆ ತಡೆಯುವುದು ಏನು? ಅದಕ್ಕೆ ಇನ್ನೂ ಕಾಲು ಶತಮಾನ ಕಾಯಬೇಕಾಯಿತು. ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಹದಿನೆಂಟನೇ ಶತಮಾನದಲ್ಲೇ ಉಪ್ಪುನೀರು ತುಂಬಿದ ಗಾಜಿನ ಕೊಳವೆಗಳ ಮೂಲಕ ತಮ್ಮ ಮೈಗೇ ಶಾಕ್ ಹೊಡೆಸಿಕೊಂಡು, ಯಾವುದು ಜೋರು ಯಾವುದು ಮೆದು ಎಂದು ಹೋಲಿಸಿ, ಉತ್ತರದ ಹತ್ತಿರಕ್ಕೆ ಬಂದಿದ್ದರು. ಅದನ್ನು ಅವರು ಅಚ್ಚು ಮಾಡಿಸಲೇ ಇಲ್ಲ. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕ್ಯಾವೆಂಡಿಶರ ಟಿಪ್ಪಣಿಗಳನ್ನು ಹೊರತಂದದ್ದು 1879ರಲ್ಲಿ. ಅಷ್ಟರಲ್ಲಿ ಓಮ್ ತೀರಿಕೊಂಡು ಕಾಲು ಶತಮಾನವಾಗಿತ್ತು.

ಓಮ್ ಹುಟ್ಟಿದ್ದು 1789ರಲ್ಲಿ, ಎರ್ಲಾಂಗನ್‌ನಲ್ಲಿ, ಬೀಗ ಮಾಡುವ ಕುಶಲಕರ್ಮಿಯ ಮನೆಯಲ್ಲಿ. ಮಗನಿಗೆ ಗಣಿತದ ಹುಚ್ಚು ಹತ್ತಿಸಿದವರು ಆ ಅಪ್ಪನೇ. ಲೋಹ ಕತ್ತರಿಸುವುದು, ಅರ ಹಾಕುವುದು, ಕೂಡಿಸುವುದು ಇವೆಲ್ಲ ಓಮ್‌ಗೆ ಕೈಬಂದದ್ದೂ ಅಲ್ಲಿಂದಲೇ. ಕಲೋನಿನ ಶಾಲೆಯಲ್ಲಿ ಪಾಠ ಮಾಡುತ್ತ ತಮಗೆ ಬೇಕಾದ ಉಪಕರಣಗಳನ್ನು ತಾವೇ ಮಾಡಿಕೊಂಡರು. ಮೇಲಿಂದ ಲೋಹದ ತೆಳುಪಟ್ಟಿಯಲ್ಲಿ ಇಳಿಬಿಟ್ಟ ಕಾಂತದ ಸೂಜಿ, ಅದರ ಕೆಳಗೆ ಕರೆಂಟು ಹರಿಯುವ ತಂತಿ. ಕರೆಂಟು ಹರಿದರೆ ಸೂಜಿ ತಿರುಗುತ್ತದೆ. ಮೇಲಿನ ತಲೆಯನ್ನು ಹಿಂದಕ್ಕೆ ತಿರುಚಿ ಸೂಜಿಯನ್ನು ಮೊದಲಿದ್ದ ಜಾಗಕ್ಕೆ ತರಲು ಎಷ್ಟು ತಿರುಚಬೇಕಾಯಿತೋ ಅದೇ ಕರೆಂಟಿನ ಅಳತೆ. ಆಂಪಿಯರ್ ಎಂಬ ಮಾನ ಆಗಿನ್ನೂ ಇರಲಿಲ್ಲ.

ಮೊದಲ ಸೂತ್ರ ತಪ್ಪಿದ್ದು ಉಪಕರಣದಿಂದಲ್ಲ, ಬ್ಯಾಟರಿಯಿಂದ. ಬರ್ಲಿನ್ನಿನಲ್ಲಿ ವಿಜ್ಞಾನ ಪತ್ರಿಕೆ ನಡೆಸುತ್ತಿದ್ದ ಪೊಗೆನ್‌ಡಾರ್ಫ್ ಆಗ ಅವರಿಗೊಂದು ಸಲಹೆ ಕೊಟ್ಟರು: ಬ್ಯಾಟರಿ ಬಿಡಿ, ಥರ್ಮೋಕಪಲ್ ಬಳಸಿ. ಎರಡು ಬೇರೆ ಲೋಹ ಬೆಸೆದು ಒಂದು ಬೆಸುಗೆಯನ್ನು ಬಿಸಿಗೂ ಇನ್ನೊಂದನ್ನು ತಂಪಿಗೂ ಇಟ್ಟರೆ ಕರೆಂಟು ಹರಿಯುತ್ತದೆ ಎಂಬುದನ್ನು ಸೀಬೆಕ್ 1821ರಲ್ಲಿ ಕಂಡುಕೊಂಡಿದ್ದರು. ಓಮ್ ಬಿಸ್ಮತ್ ಸರಳಿನ ಎರಡು ತುದಿಗೂ ತಾಮ್ರ ಜೋಡಿಸಿ ಒಂದು ತುದಿಯನ್ನು ಕುದಿಯುವ ನೀರಿನ ಪಾತ್ರೆಗೂ ಇನ್ನೊಂದನ್ನು ಮಂಜುಗಡ್ಡೆಯ ಪಾತ್ರೆಗೂ ಇಟ್ಟರು. ಇದರಿಂದ ಬರುವ ವೋಲ್ಟೇಜು ಒಂದು ವೋಲ್ಟಿನ ನೂರರಲ್ಲಿ ಒಂದು ಪಾಲೂ ಅಲ್ಲ. ಆದರೆ ನೀರು ಕುದಿಯುತ್ತಿರುವಷ್ಟು ಹೊತ್ತೂ, ಮಂಜು ಕರಗುತ್ತಿರುವಷ್ಟು ಹೊತ್ತೂ ಅದು ಅಲುಗುವುದಿಲ್ಲ. ಇಡೀ ಆವಿಷ್ಕಾರದಲ್ಲಿ ನನಗೆ ಅತ್ಯಂತ ಜಾಣತನದ್ದು ಅನ್ನಿಸುವುದು ಈ ಹೆಜ್ಜೆ. ದೊಡ್ಡದಾದರೂ ತೂಗಾಡುವ ಮೂಲವನ್ನು ಬಿಟ್ಟು, ಪುಟ್ಟದಾದರೂ ಅಲುಗದ ಮೂಲಕ್ಕೆ ಅವರು ಬಂದರು.

1826ರ ಜನವರಿ 8ರ ಅಳತೆಗಳನ್ನು ನೋಡಿ. ಒಂದೇ ದಪ್ಪದ ಎಂಟು ತಾಮ್ರದ ತಂತಿಗಳು: 2, 4, 6, 10, 18, 34, 66, 130 ಇಂಚು. ತಂತಿಯ ತುದಿಗಳನ್ನು ಪಾದರಸ ತುಂಬಿದ ಪುಟ್ಟ ಬಟ್ಟಲುಗಳಿಗೆ ಅದ್ದುವ ಏರ್ಪಾಡು, ಜೋಡಣೆಯಲ್ಲಿ ಸಡಿಲ ಬಂದು ಲೆಕ್ಕ ಕೆಡದಿರಲೆಂದು. 2 ಇಂಚಿನ ತಂತಿಗೆ ತಿರುಚಿನ ಅಳತೆ ಸುಮಾರು 327 ಬಂತು. 4 ಇಂಚಿಗೆ ಅದರ ಅರ್ಧ ಬರಬೇಕಿತ್ತಲ್ಲವೇ? ಬಂದದ್ದು ಸುಮಾರು 301. ಉದ್ದ ಇಮ್ಮಡಿಯಾದರೂ ಕರೆಂಟು ಇಳಿದದ್ದು ಹನ್ನೆರಡರಲ್ಲೊಂದು ಪಾಲು. 130 ಇಂಚಿಗೆ ಬಂದಾಗ ಮಾತ್ರ 48.5ಕ್ಕೆ ಕುಸಿಯಿತು.

ಓಮ್ ಈ ಅಂಕಿಗಳ ಮುಂದೆ ಕೂತು ಬರೆದ ಸೂತ್ರ ಚಿಕ್ಕದು. ಮೂಲದ ಬಲಕ್ಕೆ ಒಂದು ಸಂಖ್ಯೆ. ಅದನ್ನು ತಂತಿಯ ಉದ್ದ ಮತ್ತು ಇನ್ನೊಂದು ಸ್ಥಿರ ಸಂಖ್ಯೆ, ಇವೆರಡರ ಮೊತ್ತದಿಂದ ಭಾಗಿಸಬೇಕು. ಆ ಸ್ಥಿರ ಸಂಖ್ಯೆ 20.25 ಎಂದು ಬಂತು. ಅಂದರೆ ಪರೀಕ್ಷೆಗೆ ಜೋಡಿಸಿದ ತಂತಿಯ ಜೊತೆಗೆ, ಉಪಕರಣದ ಉಳಿದ ಭಾಗಗಳಲ್ಲೇ 20.25 ಇಂಚು ತಂತಿಯಷ್ಟು ಅಡ್ಡಿ ಅಡಗಿ ಕೂತಿತ್ತು. ಅದಕ್ಕೇ 2 ಇಂಚನ್ನು 4 ಮಾಡಿದಾಗ ಹೆಚ್ಚೇನೂ ಆಗಲಿಲ್ಲ. 22.25 ಇದ್ದದ್ದು 24.25 ಆಯಿತು, ಅಷ್ಟೆ. ಆಮೇಲೆ ಬೆಸುಗೆಗಳ ಉಷ್ಣತೆಯ ಅಂತರ ಕಡಿಮೆ ಮಾಡಿ ನೋಡಿದರು. ಬಲದ ಸಂಖ್ಯೆ ಇಳಿಯಿತು, ಅಡ್ಡಿಯ ಸಂಖ್ಯೆ 20.25ರಲ್ಲೇ ನಿಂತಿತು. ಬಲ ಬೇರೆ, ಅಡ್ಡಿ ಬೇರೆ ಎಂಬುದು ಅಲ್ಲಿ ಖಚಿತವಾಯಿತು.

ಶಾಲೆಯ ಪುಸ್ತಕದಲ್ಲಿ ಓಮ್‌ನ ನಿಯಮ ಎಂದರೆ ವೋಲ್ಟೇಜನ್ನು ರೋಧದಿಂದ, ಅಂದರೆ ಈ ಅಡ್ಡಿಯಿಂದ, ಭಾಗಿಸಿದರೆ ಕರೆಂಟು, ಅಲ್ಲಿಗೆ ಮುಗಿಯಿತು. ಆ ಅಡಗಿದ 20.25 ನಮ್ಮ ಪಾಠಗಳಿಂದ ಬಹುಮಟ್ಟಿಗೆ ಜಾರಿಹೋಗಿದೆ. ಗ್ಯಾರೇಜಿನಲ್ಲಿ ಕೆಲಸಕ್ಕೆ ಬರುವುದು ಅದೇ. ಬ್ಯಾಟರಿಯ ಒಳರೋಧ, ಹಸಿರು ಕಿಲುಬು ಹಿಡಿದ ಟರ್ಮಿನಲ್, ತುಕ್ಕು ತಿಂದ ಬೋಲ್ಟು, ಒಳಗೆ ಎಳೆ ಹರಿದ ಕೇಬಲ್, ಇವೆಲ್ಲ ಓಮ್ ಅವರ ಆ ಸ್ಥಿರ ಸಂಖ್ಯೆಯ ವಂಶಸ್ಥರು. ಮತ್ತು ಅದೇ ಸೂತ್ರ ಹೇಳುವ ಇನ್ನೊಂದು ಮಾತು: ಕರೆಂಟು ಹರಿಯದಿದ್ದರೆ ಈ ಅಡ್ಡಿ ಕಾಣುವುದೇ ಇಲ್ಲ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ. ನಿಂತ ಗಾಡಿಯ ಬ್ಯಾಟರಿಯಲ್ಲಿ 12.6 ಕಂಡು ಎಲ್ಲ ಸರಿಯಿದೆ ಎಂದುಕೊಳ್ಳುವುದು ಅದಕ್ಕೇ ತಪ್ಪು.

ನಮ್ಮ ಹಳ್ಳಿಗಳ ಪಂಪ್‌ಸೆಟ್ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಲೈನಿನ ಕೊನೆಯ ಹೊಲದವರು ಮೋಟರ್ ಹಾಕುವ ಮೊದಲು ಸ್ಟಾರ್ಟರ್ ಡಬ್ಬಿಯ ಮೀಟರ್ ನೋಡಿದರೆ ವೋಲ್ಟೇಜು ಚೆನ್ನಾಗಿರುತ್ತದೆ. ಸುತ್ತಲಿನ ಪಂಪುಗಳೆಲ್ಲ ಒಟ್ಟಿಗೆ ಶುರುವಾದವೆಂದರೆ ಮುಳ್ಳು ಕುಸಿಯುತ್ತದೆ, ಮೋಟರ್ ಹೂಂಕರಿಸಿ ಬಿಸಿಯಾಗುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ಅಲ್ಲಿಯವರೆಗಿನ ತಂತಿ ತನ್ನ ಪಾಲು ತಿನ್ನುವುದು ಕರೆಂಟು ಹರಿದಾಗಲೇ.

1827ರಲ್ಲಿ ಓಮ್ ತಮ್ಮ ಪುಸ್ತಕ ಹೊರತಂದರು. ಕಾಯಿಸಿದ ಸರಳಿನಲ್ಲಿ ಶಾಖ ಹೇಗೆ ಹರಿಯುತ್ತದೆ ಎಂದು ಫ್ರಾನ್ಸಿನ ಫೂರಿಯೇ ಕೆಲವೇ ವರ್ಷಗಳ ಹಿಂದೆ ಮಾಡಿದ್ದ ಗಣಿತ ಅವರಿಗೆ ಮಾದರಿ. ಶಾಖ ಹರಿಯುವುದು ಎರಡು ಜಾಗಗಳ ಉಷ್ಣತೆಯಲ್ಲಿ ಅಂತರವಿದ್ದರೆ. ಕರೆಂಟು ಹರಿಯುವುದೂ ಎರಡು ಬಿಂದುಗಳ ನಡುವೆ ಅಂಥ ಅಂತರವಿದ್ದರೇ. ಹಾಗಾಗಿ 'ಈ ವೈರಿನಲ್ಲಿ ಎಷ್ಟು ವೋಲ್ಟ್ ಇದೆ' ಎಂಬ ಪ್ರಶ್ನೆ ಅರ್ಧ ಪ್ರಶ್ನೆ. ಎಲ್ಲಿಂದ ಎಲ್ಲಿಗೆ ಎಂದು ಹೇಳಿದರೇ ಅದು ಪೂರ್ತಿಯಾಗುವುದು. ಮೀಟರಿಗೆ ಕೆಂಪು, ಕಪ್ಪು ಎರಡು ಕಡ್ಡಿ ಇರುವುದು ಅದಕ್ಕೇ.

ಪುಸ್ತಕವನ್ನು ಜರ್ಮನಿಯಲ್ಲಿ ತಣ್ಣಗೆ ಬರಮಾಡಿಕೊಂಡರು. ಓಮ್ ಬಯಸಿದ್ದ ವಿಶ್ವವಿದ್ಯಾಲಯದ ಹುದ್ದೆ ಸಿಗಲಿಲ್ಲ, ಕಲೋನಿನ ಕೆಲಸವನ್ನೂ ಬಿಟ್ಟರು. 1833ರಲ್ಲಿ ನ್ಯೂರೆಂಬರ್ಗಿನ ಪಾಲಿಟೆಕ್ನಿಕ್ ಸೇರಿದರು. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕ ಕೊಟ್ಟದ್ದು 1841ರಲ್ಲಿ, ಮ್ಯೂನಿಕ್ಕಿನಲ್ಲಿ ಪ್ರೊಫೆಸರ್ ಹುದ್ದೆ ಕೈಗೂಡಿದ್ದು ಬದುಕಿನ ಕಡೆಯ ವರ್ಷಗಳಲ್ಲಿ. 1854ರಲ್ಲಿ ತೀರಿಕೊಂಡರು.

ಸರಪಳಿಯ ಮುಂದಿನ ಕೊಂಡಿ ಒಬ್ಬ ವಿದ್ಯಾರ್ಥಿಯದು. ಕೋನಿಗ್ಸ್‌ಬರ್ಗಿನಲ್ಲಿ ಓದುತ್ತಿದ್ದ ಗುಸ್ತಾವ್ ಕಿರ್ಚಾಫ್ 1845ರಲ್ಲಿ, 21ನೇ ವಯಸ್ಸಿಗೆ, ಓಮ್‌ಗೆ ಸಲಹೆ ಕೊಟ್ಟಿದ್ದ ಅದೇ ಪೊಗೆನ್‌ಡಾರ್ಫರ ಪತ್ರಿಕೆಯಲ್ಲಿ ಎರಡು ನಿಯಮ ಬರೆದ. ಅದರಲ್ಲೊಂದು ನಮಗಿಲ್ಲಿ ಬೇಕಾದದ್ದು. ಬ್ಯಾಟರಿಯಿಂದ ಹೊರಟು ಸುತ್ತು ಹಾಕಿ ಬ್ಯಾಟರಿಗೇ ಮರಳುವ ದಾರಿಯಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ವೋಲ್ಟ್ ಖರ್ಚಾಯಿತೋ ಅದನ್ನೆಲ್ಲ ಕೂಡಿದರೆ ಬ್ಯಾಟರಿ ಕೊಟ್ಟ ವೋಲ್ಟಿಗೆ ಸರಿಹೊಂದಲೇಬೇಕು. ನಡುವೆ ಕಳೆದುಹೋಗುವುದು, ಸೋರಿಹೋಗುವುದು ಎಂಬುದಿಲ್ಲ. ಬಲ್ಬಿಗೆ ಮುಟ್ಟದ ವೋಲ್ಟ್ ದಾರಿಯಲ್ಲಿ ಇನ್ನೆಲ್ಲೋ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ.

ಕಾರಿಗೆ ಈ ಲೆಕ್ಕ ಇಷ್ಟು ಮುಖ್ಯವಾದದ್ದು ಸೆಲ್ಫ್ ಬಂದಮೇಲೆ. ಅದಕ್ಕೂ ಮೊದಲು ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುವಬೇಕಿತ್ತು. ಎಂಜಿನ್ ತಿರುಗಿ ಒದ್ದರೆ ಕೈ ಮುರಿಯುತ್ತಿತ್ತು. ಅಮೆರಿಕದ ಡೇಟನ್ನಿನ ಚಾರ್ಲ್ಸ್ ಕೆಟ್ಟರಿಂಗ್ ಮೊದಲು ಅಂಗಡಿಯ ಕ್ಯಾಶ್ ರಿಜಿಸ್ಟರಿಗೆ ವಿದ್ಯುತ್ ಮೋಟರ್ ಕೂಡಿಸಿದವರು. ಗಲ್ಲಾಪೆಟ್ಟಿಗೆ ತೆರೆಯಲು ಮೋಟರ್ ಒಂದು ಕ್ಷಣ ಕೆಲಸ ಮಾಡಿದರೆ ಸಾಕು. ಅಷ್ಟು ಹೊತ್ತಿಗಾದರೆ ಪುಟ್ಟ ಮೋಟರಿಗೂ ಅದರ ತಾಕತ್ತಿಗೆ ಮೀರಿದ ಕರೆಂಟು ಕೊಡಬಹುದು, ಸುಡುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಇದೇ ಯೋಚನೆ ಎಂಜಿನ್ ತಿರುಗಿಸಲೂ ಒಗ್ಗಿತು, 1912ರ ಕ್ಯಾಡಿಲಾಕ್ ಕಾರು ಸೆಲ್ಫ್ ಹೊತ್ತು ಬಂತು. ಅಂದರೆ ಸೆಲ್ಫ್ ಎಂಬುದೇ ಕೆಲವು ಸೆಕೆಂಡುಗಳ ಭಾರೀ ಕರೆಂಟಿನ ವ್ಯವಹಾರ. ಇವತ್ತಿನ ಸಾಮಾನ್ಯ ಪೆಟ್ರೋಲ್ ಕಾರಿನಲ್ಲೂ ಅದು ನೂರು ಆಂಪಿಯರ್ ದಾಟುತ್ತದೆ. ಅಷ್ಟು ಹರಿಯುವಾಗ ಒಂದು ಓಮ್‌ನ ನೂರರಲ್ಲೊಂದು ಪಾಲು ಅಡ್ಡಿ ಬಂದರೂ ಒಂದು ವೋಲ್ಟ್‌ಗಿಂತ ಹೆಚ್ಚು ಅಲ್ಲೇ ಹೋಗುತ್ತದೆ. ಮೊದಲು 6 ವೋಲ್ಟಿನದಾಗಿದ್ದ ಕಾರುಗಳನ್ನು ಅಮೆರಿಕದ ಕಂಪನಿಗಳು 1950ರ ದಶಕದಲ್ಲಿ 12ಕ್ಕೆ ಏರಿಸಿದ್ದರ ಒಂದು ಕಾರಣ ಇದು. ಒತ್ತಡ ಇಮ್ಮಡಿಯಾದರೆ ಅಷ್ಟೇ ಕೆಲಸಕ್ಕೆ ಅರ್ಧ ಕರೆಂಟು ಸಾಕು.

ಕಾರಿನ ಇನ್ನೊಂದು ವಿಶೇಷ, ತಾಮ್ರ ಉಳಿಸಲು ಮರಳುವ ದಾರಿಗೆ ಗಾಡಿಯ ಬಾಡಿಯನ್ನೇ ಬಳಸುವುದು. ಬ್ಯಾಟರಿಯ ನೆಗೆಟಿವ್‌ನಿಂದ ಒಂದು ಕೇಬಲ್ ಬಾಡಿಗೂ ಎಂಜಿನ್‌ಗೂ ಬಿಗಿದಿರುತ್ತದೆ, ನಾವು ಅರ್ಥ್ ಅನ್ನುವುದು ಅದನ್ನೇ. ಬಣ್ಣ, ತುಕ್ಕು, ಕೆಸರು, ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ತೇವ ಎಲ್ಲ ಸೇರಿ ಕೆಡಿಸುವುದು ಈ ಬಿಗಿತವನ್ನೇ. ಪಾಸಿಟಿವ್ ಕಡೆ ಎಲ್ಲರ ಕಣ್ಣಿರುತ್ತದೆ, ಅರ್ಥ್ ಕಡೆ ಯಾರೂ ನೋಡುವುದಿಲ್ಲ.

ಇನ್ನು ಉಪಕರಣ. ಬ್ರಿಟನ್ನಿನ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ, ಟೆಲಿಫೋನ್ ಲೈನ್ ದುರಸ್ತಿಗೆ ಹೋಗುವಾಗೆಲ್ಲ ಬೇರೆ ಬೇರೆ ಮೀಟರು ಹೊರಬೇಕಲ್ಲ ಎಂದು ಬೇಸತ್ತು ಆಂಪಿಯರ್, ವೋಲ್ಟ್, ಓಮ್ ಮೂರನ್ನೂ ಒಂದೇ ಡಬ್ಬಿಯಲ್ಲಿ ಅಳೆಯುವ ಮೀಟರ್ ರೂಪಿಸಿದರು. ಅದು 1923ರಲ್ಲಿ ಮಾರುಕಟ್ಟೆಗೆ ಬಂತು. ಇವತ್ತು ನಮ್ಮ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಹಳದಿ ಮಲ್ಟಿಮೀಟರ್ ಅದರ ಮೊಮ್ಮಗು.

ಈ ಎಲ್ಲ ಎಳೆಗಳು ಒಂದೆಡೆ ಕೂಡುವುದನ್ನು ನಾನು ಹತ್ತಿರದಿಂದ ಕಂಡದ್ದು ಮಲೆನಾಡಿನ ಒಂದು ಊರಿನ ಆಟೋ ಎಲೆಕ್ಟ್ರೀಷಿಯನ್ ಕೈಯಲ್ಲಿ. ಬಂದ ಕಾರಿಗೆ ಅದಾಗಲೇ ಹೊಸ ಬ್ಯಾಟರಿ ಹಾಕಿಸಲಾಗಿತ್ತು. ಸೆಲ್ಫ್ ಆದರೂ ನರಳುತ್ತಲೇ ಇತ್ತು. ಅವರು ಏನನ್ನೂ ಬಿಚ್ಚಲಿಲ್ಲ. ಎಂಜಿನ್ ಹತ್ತಿಕೊಳ್ಳದಿರಲೆಂದು ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಗಾಡಿ ನ್ಯೂಟ್ರಲ್‌ನಲ್ಲಿದೆಯೇ ನೋಡಿ, ಹುಡುಗನಿಗೆ "ಹೊಡಿ ಮಾರಾಯಾ, ನಾನು ಹೇಳುವವರೆಗೆ ಬಿಡಬೇಡ" ಎಂದರು.

ಮೊದಲು ಬ್ಯಾಟರಿಯ ಎರಡು ಕಂಬಗಳ ನಡುವೆ ಮೀಟರ್ ಹಿಡಿದರು. ಕಡ್ಡಿ ಇಟ್ಟದ್ದು ಕ್ಲಾಂಪಿನ ಮೇಲಲ್ಲ, ಸೀಸದ ಕಂಬದ ನೆತ್ತಿಗೇ. ಸೆಲ್ಫ್ ತಿರುಗುತ್ತಿರುವಾಗ 11.0. ಆಮೇಲೆ ಒಂದು ಕಡ್ಡಿ ಪಾಸಿಟಿವ್ ಕಂಬಕ್ಕೆ, ಇನ್ನೊಂದು ಸೆಲ್ಫ್ ಮೋಟರಿಗೆ ಕೇಬಲ್ ಬಂದು ಸೇರುವ ಬೋಲ್ಟಿಗೆ: 0.2. ಕೊನೆಗೆ ಒಂದು ಕಡ್ಡಿ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ: 3.4. ಅಲ್ಲಿ ಸೊನ್ನೆಯ ಹತ್ತಿರ ಇರಬೇಕಿತ್ತು. ಹನ್ನೊಂದರಲ್ಲಿ 0.2ನ್ನೂ 3.4ನ್ನೂ ಕಳೆದರೆ ಮೋಟರಿಗೆ ಉಳಿದದ್ದು 7.4. ಕಿರ್ಚಾಫನ ಕೂಡುಲೆಕ್ಕ ಅದೇ ಗಾಡಿಯ ಬಾನೆಟ್ ಕೆಳಗೆ ಹೊಂದಿಕೊಂಡಿತು. ಅವರು ಗೇರ್‌ಬಾಕ್ಸಿನ ಪಕ್ಕ ಕೈ ತೂರಿಸಿ ಅರ್ಥ್ ಕೇಬಲ್ಲಿನ ಲಗ್ ಮುಟ್ಟಿ ನನ್ನನ್ನೂ ಮುಟ್ಟಿಸಿದರು. ಬಿಸಿಯಾಗಿತ್ತು. ಸೆಲ್ಫ್ 130 ಆಂಪಿಯರ್ ಎಳೆಯುತ್ತಿತ್ತೆಂದು ಹಿಡಿದರೂ ಆ ಒಂದು ತುಕ್ಕಿನ ಬಿಗಿತದಲ್ಲಿ 440 ವ್ಯಾಟ್ ಶಾಖವಾಗಿ ಹೋಗುತ್ತಿತ್ತು. ಬಿಚ್ಚಿ, ಎಮರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಗಟ್ಟಿ ಬಿಗಿದರು. ಮತ್ತೆ ಅಳೆದಾಗ ಅರ್ಥ್ ಕಡೆ 0.1, ಮೋಟರಿಗೆ 10.4. ಸೆಲ್ಫ್ ಗುಡುಗಿತು.

ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಅಂಕಿ. ಸರಿಯಾದಮೇಲೆ ಬ್ಯಾಟರಿಯ ಕಂಬಗಳ ನಡುವಿನ ವೋಲ್ಟೇಜು 11.0ರಿಂದ 10.7ಕ್ಕೆ ಇಳಿದಿತ್ತು. ದಾರಿ ತೆರವಾದದ್ದರಿಂದ ಕರೆಂಟು ಹೆಚ್ಚು ಹರಿಯಿತು, ಬ್ಯಾಟರಿಯ ಒಳರೋಧ ತನ್ನ ಪಾಲು ಹೆಚ್ಚು ತಿಂದಿತು. ಹಾಗಾಗಿ ಸೆಲ್ಫ್ ನರಳುತ್ತಿರುವಾಗ ಬ್ಯಾಟರಿ ಗಟ್ಟಿಯಾಗಿ ನಿಂತಿದ್ದರೆ ಅಡ್ಡಿ ಹೊರಗಿದೆ ಅಥವಾ ಮೋಟರಿನಲ್ಲಿದೆ. ಸಾಮಾನ್ಯ ಹವೆಯಲ್ಲಿ ಬ್ಯಾಟರಿಯೇ 9.6ಕ್ಕಿಂತ ಕೆಳಗೆ ಕುಸಿದರೆ ಮೊದಲು ಪೂರ್ತಿ ಚಾರ್ಜ್ ಮಾಡಿ ನೋಡಬೇಕು. ಆಗಲೂ ಕುಸಿದರೆ ಬಹುತೇಕ ಬ್ಯಾಟರಿಯದೇ ದೋಷ.

ಕಾರಿನವರು ಕೇಳಿದರು, ಹಿಂದಿನ ಗ್ಯಾರೇಜಿನಲ್ಲಿ ಅರ್ಥ್ ಕೇಬಲ್ಲಿಗೆ ಮೀಟರಿನ ಬೀಪ್ ಟೆಸ್ಟ್ ಮಾಡಿದಾಗ ಚೆನ್ನಾಗಿ ಕೂಗಿತಲ್ಲ ಎಂದು. ಕೂಗಲೇಬೇಕು. 3.4 ವೋಲ್ಟ್ ತಿಂದ ಆ ಅಡ್ಡಿ ಓಮ್ ಲೆಕ್ಕದಲ್ಲಿ 0.026. ಸಾದಾ ಮೀಟರಿನ ಕಡ್ಡಿಗಳ ವೈರಿನದೇ ರೋಧ ಅದರ ಎಷ್ಟೋ ಪಟ್ಟು. ಟೆಸ್ಟ್ ಲ್ಯಾಂಪ್ ಹಿಡಿದರೂ ಅಷ್ಟೆ. 5 ವ್ಯಾಟಿನ ಬಲ್ಬು ಎಳೆಯುವುದು ಅರ್ಧ ಆಂಪಿಯರ್‌ಗೂ ಕಡಿಮೆ, ಅಷ್ಟಕ್ಕೆ ಅಲ್ಲಿ ಖರ್ಚಾಗುವುದು ವೋಲ್ಟಿನ ನೂರರಲ್ಲೊಂದು ಪಾಲು. ಬಲ್ಬು ಝಗ್ಗೆಂದು ಉರಿಯುತ್ತದೆ. ಇನ್ನು ಡಿಜಿಟಲ್ ಮೀಟರು ವೋಲ್ಟ್ ಅಳೆಯುವಾಗ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ, ಒಂದೇ ಎಳೆ ಉಳಿದ ವೈರಿನ ತುದಿಯಲ್ಲೂ ಅದು ಪೂರ್ತಿ 12 ತೋರಿಸೀತು. ಕೆಟ್ಟ ಜೋಡಣೆಯನ್ನು ಹಿಡಿಯಬೇಕಾದರೆ ಅದು ನಿಜವಾಗಿ ಹೊರಬೇಕಾದ ಕರೆಂಟನ್ನೇ ಹೊರಿಸಿ, ಆಗ ಅದರ ಎರಡು ತುದಿಗಳ ನಡುವೆ ವೋಲ್ಟ್ ಅಳೆಯಬೇಕು. ಸೆಲ್ಫಿನ ದಾರಿಯಲ್ಲಿ ಒಂದೊಂದು ಕಡೆಗೂ ಅರ್ಧ ವೋಲ್ಟ್ ದಾಟಬಾರದು, ಅರ್ಥ್ ಕಡೆ 0.2ರೊಳಗಿದ್ದರೆ ಒಳ್ಳೆಯದು.

ಹೆಡ್‌ಲೈಟಿಗೂ ಇದೇ ವಿಧಾನ. ತಂತುವಿನ ಬಲ್ಬಿಗೆ ವೋಲ್ಟೇಜು ಶೇ. 10ರಷ್ಟು ಇಳಿದರೆ ಬೆಳಕು ಶೇ. 30ರಷ್ಟು ಇಳಿಯುತ್ತದೆ. ಒಂದು ಕಡೆಯ ದೀಪ ಮಂಕಾಗಿದ್ದರೆ ಬಲ್ಬು ಬದಲಿಸುವ ಮೊದಲು, ದೀಪ ಉರಿಯುತ್ತಿರುವಾಗಲೇ ಅದರ ಅರ್ಥ್ ಪಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಅಳೆಯಿರಿ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಿಣುಕಿದರೆ, ಹಿಂದಿನ ಲೈಟಿನ ಅರ್ಥ್ ಬಿಟ್ಟುಹೋಗಿ ಕರೆಂಟು ಪಕ್ಕದ ಬಲ್ಬಿನ ಮೂಲಕ ದಾರಿ ಹುಡುಕಿಕೊಂಡಿದೆ ಎಂದು ಮೊದಲು ಅನುಮಾನಿಸಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. ಕಂಪ್ಯೂಟರ್ ಚಾರ್ಜಿಂಗ್ ನಿಯಂತ್ರಿಸುವ ಹೊಸ ಗಾಡಿಗಳಲ್ಲಿ ಇದು ಮೇಲೆಕೆಳಗೆ ಆಡಬಹುದು. ಆದರೆ ದೀಪ, ಫ್ಯಾನ್ ಹಾಕಿದಮೇಲೂ 12.5ರಲ್ಲೇ ನಿಂತು ಇಳಿಯುತ್ತ ಹೋದರೆ ಆಲ್ಟರ್ನೇಟರ್ ಕಡೆ ನೋಡಬೇಕು. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಗಾಡಿಗಳ ಕಿತ್ತಳೆ ಬಣ್ಣದ ಕೇಬಲ್ಲುಗಳಿಗೆ ಮಾತ್ರ ಇದಾವುದೂ ಅನ್ವಯಿಸದು. ಅಲ್ಲಿರುವುದು ಪ್ರಾಣ ತೆಗೆಯುವ ವೋಲ್ಟೇಜು, ತರಬೇತಿ ಪಡೆದವರಲ್ಲದೆ ಯಾರೂ ಕೈ ಹಾಕಬಾರದು.

ಐಟಿಐ, ಡಿಪ್ಲೊಮಾ ತರಗತಿಗಳಲ್ಲಿ ಓಮ್‌ನ ನಿಯಮ ಹೇಳಿಕೊಡುವ ಮೇಷ್ಟ್ರುಗಳಲ್ಲಿ ನನ್ನದೊಂದು ಬಿನ್ನಹ: ಸೂತ್ರವನ್ನು ಬೋರ್ಡಿನ ಮೇಲೆ ಬರೆಯುವ ದಿನವೇ ಒಂದು ಹಳೆಯ ಬ್ಯಾಟರಿ, ಒಂದು ತುಕ್ಕು ಹಿಡಿದ ಕೇಬಲ್, ಒಂದು ಹೆಡ್‌ಲೈಟ್ ಬಲ್ಬು ತಂದು, ಬಲ್ಬು ಉರಿಯುತ್ತಿರುವಾಗ ಜೋಡಣೆ ಜೋಡಣೆಗೂ ಮೀಟರ್ ಹಿಡಿಸಿ ಕೂಡುಲೆಕ್ಕ ಹೊಂದಿಸಲು ಹೇಳಿ. ಕಾರಿದ್ದವರಲ್ಲಿ ಇನ್ನೊಂದು: ಹೊಸ ಬ್ಯಾಟರಿಗೆ ದುಡ್ಡು ಎಣಿಸುವ ಮೊದಲು ಸೆಲ್ಫ್ ಹೊಡೆಯುತ್ತಿರುವಾಗಲೇ ಮೂರು ಕಡೆ ಅಳೆಯಲು ಕೇಳಿ. ಬ್ಯಾಟರಿಯ ಎರಡು ಕಂಬಗಳ ನಡುವೆ, ಪಾಸಿಟಿವ್‌ನಿಂದ ಸೆಲ್ಫ್‌ವರೆಗೆ, ನೆಗೆಟಿವ್‌ನಿಂದ ಎಂಜಿನ್‌ವರೆಗೆ. ಅದಕ್ಕೆ ಐದು ನಿಮಿಷವೂ ಬೇಕಾಗುವುದಿಲ್ಲ.